ನಿಮ್ಮದು ಯಾವ ಸದ್ದು

ಆಗಸ್ಟ್ 25, ಸೋಮವಾರ

ನಾಡಿದ್ದು ಗಣಪತಿ ಹಬ್ಬ. ಆರ್ಕೆಸ್ಟ್ರಾದವರಿಗೆ ವರ್ಷ ಶುರುವಾಗುವುದು ಯುಗಾದಿಗಲ್ಲ, ಗಣಪತಿಗೆ. ಇಲ್ಲಿಂದ ನವೆಂಬರ್ ಮುಗಿದು ಕನ್ನಡ ಸಂಘಗಳ ಉತ್ಸಾಹ ಇಳಿಯುವ ತನಕ ನಮ್ಮದೇ ಕಾರುಬಾರು. ಬೇಸ್ ಗಿಟಾರಿಗೆ ಹೊಸ ತಂತಿ ಹಾಕಿದೆ. ಬೆನ್ನಿನ ಮುಚ್ಚಳ ಬಿಚ್ಚಿ ಹೊಸ ಬ್ಯಾಟರಿ ಕೂರಿಸಿದೆ. ನನ್ನ ಗಿಟಾರಿನ ಹೊಟ್ಟೆಯಲ್ಲಿ ಒಂದು ಚೌಕ ಬ್ಯಾಟರಿ ಇರಲೇಬೇಕು. ಅದಿಲ್ಲದಿದ್ದರೆ ಎಷ್ಟು ದೊಡ್ಡ ಸ್ಪೀಕರಿಗೆ ಸಿಗಿಸಿದರೂ ಕಮಕ್ ಕಿಮಕ್ ಅನ್ನುವುದಿಲ್ಲ. ಹಳೆಯದರಲ್ಲಿ ಇನ್ನೂ ಜೀವವಿತ್ತು. ಆದರೂ ಪ್ರತಿ ಗಣಪತಿಗೆ ಹೊಸದು ಹಾಕುವುದು ನನ್ನ ನೇಮ. ವೇದಿಕೆಯ ಮೇಲೆ ಕೈಕೊಟ್ಟರೆ ಮಾನ ಹೋಗುವುದು ಬ್ಯಾಟರಿಯದಲ್ಲ.

ಹಗಲಿಡೀ ಮಲವಗೊಪ್ಪದ ವೇಬ್ರಿಡ್ಜಿನಲ್ಲಿ ಕೂತು ಲಾರಿ ತೂಗುವವನಿಗೆ ಎಂಥ ಮಾನ ಎಂದು ಯಾರಾದರೂ ಕೇಳಬಹುದು. ಕೇಳಲಿ. ಇವತ್ತು ಜಲ್ಲಿ ತಂದ ಟಿಪ್ಪರ್ ಒಂದು ಎಂಜಿನ್ ಆರಿಸದೆ ತೂಕಕ್ಕೆ ನಿಂತಿತ್ತು. ಅದರ ಗುಂಯ್ ಸರಿಯಾಗಿ ನನ್ನ ದಪ್ಪ ತಂತಿಯ ಸ್ವರ. ಹಿಂದೆ ನಿಂತಿದ್ದ ಹಳೆಯ ಲಾರಿಯದು ಅದಕ್ಕಿಂತ ಅರ್ಧ ಸ್ವರ ಮೇಲೆ. ಎರಡೂ ಸೇರಿದಾಗ ಮೇಜಿನ ಮೇಲಿನ ಚಹಾ ಲೋಟ ನಡುಗಿತು. ಸ್ಲಿಪ್ ಕೊಡುವುದನ್ನು ಮರೆತು ಕೇಳುತ್ತ ಕೂತೆ. ಡ್ರೈವರ್ ಕಿಟಕಿಗೆ ಬಂದು, "ಏನ್ ಸಾರ್, ನಿದ್ದೆನಾ?" ಎಂದ.

ಮನೆಯಲ್ಲಿ ಹೆಂಡತಿ ಜಯಶೀಲಾ ಹಬ್ಬದ ಬ್ಲೌಸುಗಳ ರಾಶಿಯಲ್ಲಿ ಮುಳುಗಿದ್ದಾಳೆ. ಹೊಲಿಗೆ ಮಿಷನ್ನಿನ ಹಿಂದಿನಿಂದಲೇ ಪ್ರತಿ ವರ್ಷದ ಪ್ರಶ್ನೆ ಕೇಳಿದಳು.

"ಈ ಸರ್ತಿನಾದ್ರೂ ಹೇಳ್ರೀ, ಅಷ್ಟ್ ಜನ ಬಾರ್ಸೋದ್ರಲ್ಲಿ ನಿಮ್ದು ಯಾವ ಸದ್ದು?"

ಮದುವೆಯಾದಾಗಿನಿಂದ ಕೇಳುತ್ತಿದ್ದಾಳೆ. ಕೀಬೋರ್ಡ್ ಗೊತ್ತಾಗುತ್ತದಂತೆ, ಡ್ರಮ್ಸ್ ಗೊತ್ತಾಗುತ್ತದಂತೆ, ನನ್ನದು ಮಾತ್ರ ಎಲ್ಲಿದೆಯೋ ತಿಳಿಯುವುದಿಲ್ಲವಂತೆ. "ಅದು ಉಪ್ಪು ಕಣೇ. ಇದ್ದಾಗ ಗೊತ್ತಾಗಲ್ಲ, ಇಲ್ದಿದ್ರೆ ಗೊತ್ತಾಗುತ್ತೆ" ಎಂದೆ. ಉಪ್ಪಿಗಿಂತ ರುಚಿಯಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೂ ಒಂದು ಸಲ, ಒಂದೇ ಸಲ ಇವಳು ಕೇಳಿ, 'ಓ, ಇದು ನಿಮ್ದು' ಎನ್ನಬೇಕು. ನನಗೆ ಬೇರೆ ಯಾವ ಬಿರುದೂ ಬೇಡ.

ಆಗಸ್ಟ್ 28, ಗುರುವಾರ

ತಂಡಕ್ಕೆ ಕೂಡ್ಲಿ ಮೆಲೋಡೀಸ್ ಎಂದು ಹೆಸರಿಟ್ಟವನು ನಾನೇ. ತುಂಗೆಯ ಕಡೆಯವರು ರುದ್ರೇಶ್ ಮತ್ತು ಪ್ರಿಯದರ್ಶಿನಿ, ಭದ್ರೆಯ ಕಡೆಯವರು ನಾನು ಮತ್ತು ಮುರುಗೇಶಪ್ಪ. ಎರಡು ನದಿ ಸೇರುವ ಊರಿನ ಹೆಸರು ಚೆನ್ನಾಗಿಯೇ ಹೊಂದಿತ್ತು. ರುದ್ರೇಶ್ ಕೀಬೋರ್ಡ್ ನುಡಿಸುತ್ತಾನೆ, ತಂಡದ ಯಜಮಾನನೂ ಅವನೇ. ಪ್ರಿಯದರ್ಶಿನಿ ಹಗಲು ಮಕ್ಕಳಿಗೆ ಪಾಠ ಹೇಳಿ ಸಂಜೆ ಹಾಡುತ್ತಾಳೆ. ಮುರುಗೇಶಪ್ಪ ಕಾರ್ಖಾನೆಯಿಂದ ನಿವೃತ್ತರಾದವರು, ಡ್ರಮ್ಸ್ ಮುಂದೆ ಕೂತರೆ ಮಾತ್ರ ಹರೆಯದ ಹುಡುಗ.

ಇವತ್ತು ಶಿವಮೊಗ್ಗದಲ್ಲಿ ರುದ್ರೇಶನ ಮಹಡಿಯ ಮೇಲೆ ಪ್ರಾಕ್ಟೀಸ್. ಹೋದರೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಕೂತಿದೆ.

"ಸತೀಶಣ್ಣ, ಇನ್ಮೇಲೆ ಎಲ್ಲಾ ಹಾಡೂ ಟ್ರ್ಯಾಕ್ ಮೇಲೇನೇ" ಎಂದ ರುದ್ರೇಶ್. ಹಾಡಿನ ಹಿನ್ನೆಲೆಯನ್ನೆಲ್ಲ ಮೊದಲೇ ತುಂಬಿಸಿಟ್ಟಿದ್ದಾರಂತೆ. ಗುಂಡಿ ಒತ್ತಿದರೆ ಕೊಳಲು, ಪಿಟೀಲು, ಕೋರಸ್ ಎಲ್ಲ ತಾನಾಗಿ ಬರುತ್ತದೆ.

"ಬೇಸು?"

"ಬೇಸೂ ಅದ್ರಲ್ಲೇ ಇದೆ."

"ಮತ್ತೆ ನಾನ್ಯಾಕೋ?"

"ನೀವ್ ನಿಂತ್ಕೊಳ್ಳಿ ಮಾರಾಯ್ರೆ. ಗಿಟಾರ್ ಹಿಡ್ಕೊಂಡ್ ಒಬ್ರು ನಿಂತ್ರೇನೇ ಸ್ಟೇಜ್ ತುಂಬೋದು. ವೈರ್ ಮಾತ್ರ ಸಿಗಿಸ್ಬೇಡಿ, ಎರಡೂ ಒಟ್ಟಿಗೆ ಬಂದ್ರೆ ಕಲಸಿ ಹೋಗುತ್ತೆ."

ಮೈ ಉರಿದುಹೋಯಿತು. ಮುರುಗೇಶಪ್ಪ ನನ್ನ ಪರವಾಗಿ ದನಿ ಎತ್ತಿದರು. "ಏನಪ್ಪಾ ರುದ್ರೇಶಾ, ನಾಳೆ ನನ್ನೂ ಬರೀ ಕೋಲ್ ಆಡ್ಸು ಅಂತೀಯಾ?" "ನಿಮ್ದು ಹೊಡೆದ್ರೆ ತಾನೇ ಹೊಡೆದಂಗ್ ಕಾಣೋದು, ಹೊಡೀರಿ" ಎಂದು ರುದ್ರೇಶ್ ನಕ್ಕ. ನನ್ನ ಮುಖ ನೋಡಿದ ಮೇಲೆ ದನಿ ಇಳಿಸಿದ. "ಅಣ್ಣ, ಈ ಡಬ್ಬಾನ ನಂಬಕ್ಕಾಗುತ್ತಾ? ಯಾವತ್ತೋ ಒಂದಿನ ಕೈಕೊಡುತ್ತೆ. ಅವತ್ತು ನೀವೇ ಗತಿ. ವೈರ್ ನಿಮ್ ಕಾಲ್ ಹತ್ರಾನೇ ಹಾಕಿರ್ತೀನಿ."

ಬಿಟ್ಟುಬಿಡಬೇಕು ಎಂದುಕೊಂಡೇ ಬೈಕ್ ಹತ್ತಿದೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬುದನ್ನು ಈ ವಯಸ್ಸಿನಲ್ಲಿ ಮುಖಕ್ಕೆ ಹೇಳಿಸಿಕೊಳ್ಳಬೇಕೇ? ಆದರೆ ಮಲವಗೊಪ್ಪ ದಾಟುವಷ್ಟರಲ್ಲಿ ಮನಸ್ಸು ತಿರುಗಿತು. ಆ ಡಬ್ಬ ಕೈಕೊಡುವ ದಿನ ನಾನು ಅಲ್ಲಿರಬೇಕು.

ಸೆಪ್ಟೆಂಬರ್ 2, ಮಂಗಳವಾರ

ನಿನ್ನೆ ಶಿವಮೊಗ್ಗದ ಒಂದು ಬಡಾವಣೆಯ ಗಣಪತಿ. ವೈರು ಕಾಲ ಬಳಿ ಹಾವಿನಂತೆ ಬಿದ್ದಿತ್ತು. ನಾನು ಎಂದಿನಂತೆ ಶ್ರುತಿ ಮಾಡಿಕೊಂಡು ಹತ್ತಿ, ಒಂದು ಸ್ವರವನ್ನೂ ಬಿಡದೆ ನುಡಿಸಿದೆ. ಯಾರಿಗೂ ಕೇಳಿಸಲಿಲ್ಲ. ನನ್ನ ಪಕ್ಕೆಲುಬಿಗೆ ಕೇಳಿಸಿತು, ಗಿಟಾರು ಅಲ್ಲಿಗೆ ಒರಗಿರುತ್ತದಲ್ಲ.

ಕೊನೆಯಲ್ಲಿ ಪ್ರಿಯದರ್ಶಿನಿ ಒಂದು ಹಳೆಯ ಪ್ರೇಮಗೀತೆ ಹಾಡುತ್ತಾಳೆ. ಅದರಲ್ಲಿ ಬೇಸ್ ಗಿಟಾರಿಗೆ ಇರುವುದು ಎರಡೇ ಸ್ವರ. ಹೋಗುವುದು, ಬರುವುದು, ಬಾವಿಗೆ ಕೊಡ ಇಳಿಸಿ ಎಳೆದ ಹಾಗೆ. ಕಲಿಯಲು ಒಂದು ಗಳಿಗೆ ಸಾಕು. ಸರಿಯಾಗಿ ನುಡಿಸಲು ನನಗೆ ವರ್ಷಗಳೇ ಹಿಡಿದವು.

ಹೋದ ವರ್ಷ, ಹೀಗೆಯೇ ಟ್ರ್ಯಾಕಿಗೆ ಸುಮ್ಮನೆ ನಿಲ್ಲುವ ಬೇರೆ ತಂಡದ ಗಿಟಾರಿನವನೊಬ್ಬನನ್ನು ಮಾತಾಡಿಸಿದ್ದೆ. ಅವನ ತಂತಿಗಳು ಬಟ್ಟೆ ಒಣಹಾಕುವ ಹಗ್ಗದಂತೆ ಜೋಲುತ್ತಿದ್ದವು. "ಯಾರ್ ಕೇಳ್ತಾರೆ ಬಿಡಿ ಸಾರ್" ಎಂದಿದ್ದ. ಥೂ. ಬಟ್ಟೆಯಂಗಡಿಯ ಬೊಂಬೆ! ನಾನು ಅಂಥವನಾಗುವುದಿಲ್ಲ.

ಸೆಪ್ಟೆಂಬರ್ 6, ಶನಿವಾರ

ನಿನ್ನೆ ನಮ್ಮ ಭದ್ರಾವತಿಯಲ್ಲೇ ಕಾರ್ಯಕ್ರಮ. ಜಯಶೀಲಾ ಕೆಲಸ ಮುಗಿಸಿ ಬಂದು ಸ್ಪೀಕರಿನ ಎದುರಿಗೇ ಕೂತಿದ್ದಳು. ವಾಪಸ್ ಬರುವಾಗ ಬೈಕಿನ ಹಿಂದಿನಿಂದ ಒಂದೇ ಸಮನೆ ಮಾತು.

"ಇವತ್ ಕೇಳಿಸ್ತು ಕಣ್ರೀ! ಆ ಕೊನೇ ಹಾಡಲ್ಲಿ ಹೊಟ್ಟೆಯೊಳ್ಗೆಲ್ಲ ಗುಂ ಅಂತಿತ್ತಲ್ಲ, ಹೋಗೋದು ಬರೋದು, ಅದೇ ತಾನೆ ನಿಮ್ದು? ಇಷ್ಟ್ ವರ್ಷ ಕಿವೀಲಿ ಹುಡುಕ್ತಿದ್ದೆ. ನೋಡಿದ್ರೆ ಅದು ಹೊಟ್ಟೇಲಿ ಕೇಳೋದು!"

ಸರಿಯಾಗಿಯೇ ಗುರುತಿಸಿದ್ದಾಳೆ. ಅದು ಬೇಸೇ. ಆದರೆ ನನ್ನದಲ್ಲ. ಯಾವ ಊರಿನ ಯಾವ ಪುಣ್ಯಾತ್ಮ ನುಡಿಸಿ ತುಂಬಿಸಿಟ್ಟದ್ದೋ ಏನೋ. ನಾನು "ಹ್ಞೂಂ" ಎಂದೆ. ಓಲ್ಡ್ ಟೌನಿನ ಮನೆ ಬರುವ ತನಕ ನನ್ನ ಬೆನ್ನಿಗೆ ಕೆನ್ನೆ ಒರಗಿಸಿಕೊಂಡಿದ್ದಳು. ಕದ್ದ ಮಾಲು ಎಂದು ಗೊತ್ತಿದ್ದೂ ಹಿಂದಿರುಗಿಸಲು ಮನಸ್ಸಾಗಲಿಲ್ಲ. ನಾಳೆ ಹೇಳಿದರಾಯಿತು.

ಸೆಪ್ಟೆಂಬರ್ 19, ಶುಕ್ರವಾರ

ವರ್ತಕರ ಸಂಘದ ಕುಟುಂಬ ಕೂಟ. ಹೊತ್ತಾಗಿತ್ತು, ಶ್ರುತಿ ಮಾಡದೆ ಹತ್ತಿದೆ. ಮುಗಿದ ಮೇಲೆ ಒಬ್ಬರು ಬಂದು ಕೈ ಕುಲುಕಿ, "ನಿಮ್ ಬೆರಳು ಏನ್ ಓಡುತ್ತೆ ಸಾರ್!" ಎಂದರು. ಸಂತೋಷ ಎಂದೆ.

ಜಯಶೀಲಾಗೆ ಇನ್ನೂ ಹೇಳಿಲ್ಲ.

ಅಕ್ಟೋಬರ್ 5, ಭಾನುವಾರ

ನಿನ್ನೆ ಕಾರ್ಯಕ್ರಮದ ನಡುವೆ ಪ್ರಿಯದರ್ಶಿನಿಯ ಕೈಯಲ್ಲಿದ್ದ ವೈರಿಲ್ಲದ ಮೈಕು ಸತ್ತುಹೋಯಿತು. ಸೌಂಡಿನವನ ಬಳಿ ಬೇರೆ ಬ್ಯಾಟರಿ ಇಲ್ಲ, ಹತ್ತಿರ ಅಂಗಡಿಯೂ ಇಲ್ಲ. ಹುಡುಗಿ ಪರದೆಯ ಹಿಂದೆ ಬಂದು ಅಳುವುದೊಂದು ಬಾಕಿ.

"ಸತೀಶಣ್ಣ, ಈ ಥರ ಚೌಕದ್ದು ಎಲ್ಲಾದ್ರೂ ಸಿಗುತ್ತಾ?"

ನನ್ನ ಗಿಟಾರಿನ ಬೆನ್ನು ಬಿಚ್ಚಿ ಅದರದನ್ನೇ ತೆಗೆದುಕೊಟ್ಟೆ. ಅಲ್ಲಿ ಅದಕ್ಕೇನು ಕೆಲಸವಿತ್ತು?

"ನಿಮ್ಗೆ ಬೇಡ್ವಾ ಅಣ್ಣ?"

"ನನಗ್ಯಾಕೆ ತಾಯಿ, ನಾನ್ ಬೊಂಬೆ."

ಅವಳು ನಕ್ಕಳು, ನಾನೂ ನಕ್ಕೆ. ಹೊಸದು ತಂದುಕೊಡುತ್ತೇನೆ ಎಂದಳು. ಅವಸರವೇನಿಲ್ಲ ಎಂದೆ. ಆಮೇಲೆ ಚೆನ್ನಾಗಿ ಹಾಡಿದಳು. ಗಿಟಾರು ಒಂಚೂರು ಹಗುರವಾದಂತಿತ್ತು, ಭುಜದ ನೋವು ಕಡಿಮೆ.

ಅಕ್ಟೋಬರ್ 17, ಶುಕ್ರವಾರ

ಲಾರಿ ಬಂದವು, ಹೋದವು. ಇಡೀ ದಿನ ಧೂಳು.

ಮೊನ್ನೆಯ ಕಾರ್ಯಕ್ರಮದಲ್ಲಿ ತಂತಿ ಒತ್ತುವುದನ್ನೂ ಬಿಟ್ಟೆ. ಸುಮ್ಮನೆ ಮೇಲೆ ಸವರಿದರೂ ದೂರದಿಂದ ಅದೇ ರೀತಿ ಕಾಣುತ್ತದೆ. ಬೆರಳ ತುದಿಯ ಗಟ್ಟಿ ಚರ್ಮ ಮೆತ್ತಗಾಗಿದೆ. ಗಾರೆ ಕೆಲಸದವರ ಕೈ ಎಂದು ಹಂಗಿಸುತ್ತಿದ್ದ ಜಯಶೀಲಾಗೆ ಈಗ ಸಮಾಧಾನ.

ನವೆಂಬರ್ 3, ಸೋಮವಾರ

ಹದಿನಾರನೇ ತಾರೀಕು ನಮ್ಮ ಬೀದಿಯ ಕನ್ನಡ ಸಂಘದ ರಾಜ್ಯೋತ್ಸವ. ಆರ್ಕೆಸ್ಟ್ರಾ ನಮ್ಮದೇ. ಓಲ್ಡ್ ಟೌನಿನಲ್ಲಿ, ನನ್ನ ಮನೆಯ ಮೂಲೆಯಲ್ಲೇ ವೇದಿಕೆ.

ಜಯಶೀಲಾಗೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. ನನಗೊಂದು ಕಪ್ಪು ಕೋಟು ಹೊಲಿಯುತ್ತಿದ್ದಾಳೆ. ಬ್ಲೌಸ್ ಅಳತೆಗೆ ಬಂದವರಿಗೆಲ್ಲ ಪಾಠ ಬೇರೆ. ಪಕ್ಕದ ಮನೆಯ ಶೇಷಮ್ಮನವರಿಗೆ ಹೇಳುತ್ತಿದ್ದಳು: "ಕಿವಿ ಕೊಟ್ರೆ ಗೊತ್ತಾಗಲ್ಲ ಅತ್ತೆ. ಹೊಟ್ಟೆ ಮೇಲೆ ಗಮನ ಇಡ್ಬೇಕು. ಗುಂ ಅಂದ್ರೆ ಇವ್ರೇ ಅಂತ ತಿಳ್ಕಳಿ." ಆ ಮುದುಕಿ ಭಕ್ತಿಯಿಂದ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು.

ಈಗ ಹೇಳುವುದು ಹೇಗೆ? ಹೇಳದಿರುವುದು ಹೇಗೆ? ಆ ಲ್ಯಾಪ್‌ಟಾಪು ಕೈಕೊಡುವುದಿದ್ದರೆ ಅವತ್ತೇ ಕೊಡಲಿ. ಬಹಳ ದಿನದ ಮೇಲೆ ದೇವರನ್ನು ಏನೋ ಕೇಳಿಕೊಂಡೆ.

ನವೆಂಬರ್ 17, ಸೋಮವಾರ

ಬರೆಯುವುದು ಬೇಡ ಎಂದುಕೊಂಡಿದ್ದೆ. ಬರೆಯದಿದ್ದರೆ ಅದೇ ತಲೆಯೊಳಗೆ ತಿರುಗುತ್ತಿದೆ.

ನಿನ್ನೆ ಬೆಳಿಗ್ಗೆ ತಂತಿಗಳನ್ನೆಲ್ಲ ಒರೆಸಿ ಶ್ರುತಿ ಮಾಡಿದೆ. ಕಿವಿಯನ್ನು ಗಿಟಾರಿಗೆ ಒತ್ತಿಟ್ಟು ಮಾಡಿದೆ, ಮೊದಲು ಮಾಡುತ್ತಿದ್ದ ಹಾಗೆ. ಸಂಜೆ ಹೊಸ ಕೋಟು ಹಾಕಿಕೊಂಡು ಹತ್ತಿದರೆ ಇಡೀ ಬೀದಿಯೇ ಎದುರಿಗೆ ಕೂತಿತ್ತು. ಮುಂದಿನ ಸಾಲಿನಲ್ಲಿ ಜಯಶೀಲಾ, ಅವಳ ಪಕ್ಕ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಶೇಷಮ್ಮ.

ಕೊನೆಯ ಹಾಡಿನ ತನಕ ಎಲ್ಲ ಸುಸೂತ್ರ. ಅದರ ಪಲ್ಲವಿ ಮುಗಿದು ಚರಣಕ್ಕೆ ಹೊರಳುವಲ್ಲಿ ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು. ಕೊಳಲು, ಪಿಟೀಲು, ಬೇಸು, ಎಲ್ಲ ಒಂದೇ ಏಟಿಗೆ ಮಾಯ. ಪ್ರಿಯದರ್ಶಿನಿಯ ದನಿಯೂ ಮುರುಗೇಶಪ್ಪನವರ ಡ್ರಮ್ಸೂ ಮಾತ್ರ ಉಳಿದವು. ರುದ್ರೇಶ್ ನನ್ನ ಕಡೆ ತಿರುಗಿ ಕೂಗಿದ.

"ಅಣ್ಣಾ, ಸಿಗ್ಸಿ! ಇವತ್ ನಿಮ್ದೇ!"

ನಾನು ಕಾದಿದ್ದ ಗಳಿಗೆ. ನನ್ನ ಬೀದಿಯಲ್ಲಿ, ನನ್ನ ಹೆಂಡತಿಯ ಮುಂದೆ, ಎರಡೇ ಸ್ವರದ ಅದೇ ಹಾಡಿನಲ್ಲಿ ಬಂದಿತ್ತು. ಕೇಳಿದ್ದನ್ನು ಕೇಳಿದ ಹಾಗೆಯೇ ಯಾರಿಗೆ ಕೊಡುತ್ತಾನೆ ದೇವರು? ಬಗ್ಗಿ ವೈರು ಎತ್ತಿ ಸಿಗಿಸಿದೆ. ದಪ್ಪ ತಂತಿ ಮೀಟಿದೆ.

ಏನೂ ಬರಲಿಲ್ಲ.

ಇನ್ನೊಮ್ಮೆ ಮೀಟಿದೆ. ಕೆಳಗಿನಿಂದ ಸೌಂಡಿನವನು ಸನ್ನೆ ಮಾಡಿ ವಾಲ್ಯೂಮ್ ಪೂರ್ತಿ ಏರಿಸಿದ. ಸ್ಪೀಕರಿನಲ್ಲಿ ಸುಯ್ ಎಂಬ ಗಾಳಿ ಅಷ್ಟೇ. ಆಗ ನೆನಪಾಯಿತು. ಪರದೆಯ ಹಿಂದೆ ನಿಂತು, ನಗುನಗುತ್ತಾ, ನನ್ನ ಕೈಯಾರೆ ಬ್ಯಾಟರಿ ತೆಗೆದುಕೊಟ್ಟಿದ್ದೆ. ಆಮೇಲೆ ಅದರ ಜಾಗ ಖಾಲಿ ಇದೆ ಎಂಬ ನೆನಪೇ ನನಗೆ ಬಂದಿರಲಿಲ್ಲ.

ಗಿಟಾರು ಕೆಳಗಿಟ್ಟು ಇಳಿದು ಹೋಗಬಹುದಿತ್ತು. ಅದನ್ನೂ ಮಾಡಲಿಲ್ಲ. ಬೆರಳು ಆಡಿಸುತ್ತ ನಿಂತೆ. ನಿಲ್ಲಿಸಲು ಧೈರ್ಯ ಬರಲಿಲ್ಲ. ರುದ್ರೇಶ್ ಒಂದು ಸಾಲು ಕಾದು ನೋಡಿದ. ಆಮೇಲೆ ಎಡಗೈಯನ್ನು ಕೀಬೋರ್ಡಿನ ಕೊನೆಗೆ ಒಯ್ದು ನನ್ನ ಎರಡು ಸ್ವರವನ್ನು ತಾನೇ ನುಡಿಸತೊಡಗಿದ. ಅವನ ಎಡಗೈಗೆ ಅದೊಂದು ಕೆಲಸವೇ ಅಲ್ಲ. ಜನರಿಗೆ ಏನೋ ಹುಮ್ಮಸ್ಸು ಬಂದು, ಚಪ್ಪಾಳೆ ತಟ್ಟುತ್ತ ಪ್ರಿಯದರ್ಶಿನಿಯ ಜೊತೆ ಹಾಡಿದರು. ಇಡೀ ಸಂಜೆಗೆ ಅದೇ ಗೆದ್ದ ಹಾಡು. ಉಪ್ಪಿಲ್ಲದ ಊಟವನ್ನು ನನ್ನ ಬೀದಿ ಚಪ್ಪರಿಸಿಕೊಂಡು ಉಂಡಿತು.

"ಗುಂ ಅಂತಪ್ಪ ಸತೀಶಾ, ಹೊಟ್ಟೆ ತುಂಬ್ತು" ಎಂದು ಶೇಷಮ್ಮ ತಲೆ ಸವರಿ ಹೋದರು. ಜಯಶೀಲಾ ಎದ್ದು ಮನೆಯ ಕಡೆ ನಡೆದಳು.

ನವೆಂಬರ್ 19, ಬುಧವಾರ

ಇವತ್ತು ಊಟಕ್ಕೆ ಬಡಿಸುತ್ತ ಕೇಳಿದಳು.

"ಆ ವೈರು ಕೊನೇ ಹಾಡಲ್ಲಿ ಎತ್ತಿ ಸಿಗಿಸಿದ್ರಿ. ಅಲ್ಲೀ ತನ್ಕ ಎಲ್ಲಿತ್ತು?"

"ಕೆಳಗ್ ಬಿದ್ದಿತ್ತು."

"ಸಿಗ್ಸಿದ್ ಮೇಲೂ ಬಾರ್ಸಿದ್ದು ರುದ್ರೇಶ. ಎಡಗೈಲಿ. ನಾನ್ ನೋಡ್ದೆ."

ದಿನವಿಡೀ ದಾರದ ಮೇಲೆ ಕಣ್ಣಿಟ್ಟು ಕೂರುವವಳು. ವೈರಿನ ವಿಷಯದಲ್ಲಿ ಇವಳ ಕಣ್ಣಿಗೆ ಮಣ್ಣೆರಚಬಹುದು ಎಂದುಕೊಂಡದ್ದೇ ನನ್ನ ದಡ್ಡತನ. ಎಲ್ಲ ಹೇಳಿದೆ. ಲ್ಯಾಪ್‌ಟಾಪು, ಬ್ಯಾಟರಿ, ಎಲ್ಲ. ಅವಳು ಸಾರಿನ ಸೌಟು ಹಿಡಿದುಕೊಂಡೇ ಕೇಳಿದಳು.

"ಹಾಗಾದ್ರೆ ಗಣಪತಿಲಿ ನನಗ್ ಕೇಳಿಸ್ತಲ್ಲ, ಅದು ಯಾರ್ದು?"

"ಗೊತ್ತಿಲ್ಲ" ಎಂದೆ. ನಿಜವಾಗಿಯೂ ಗೊತ್ತಿಲ್ಲ.

"ದಾರ ಪೋಣಿಸ್ದೆ ಮಿಷನ್ ತುಳಿದಂಗಾಯ್ತು" ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೀದಿಗೆಲ್ಲ ಹೇಳಿಕೊಂಡು ಬಂದವಳು ಅವಳು. ತಪ್ಪು ನನ್ನದು, ತಲೆ ತಗ್ಗಿಸಿ ಓಡಾಡುತ್ತಿರುವವಳು ಅವಳು.

ನವೆಂಬರ್ 23, ಭಾನುವಾರ

ಮುರುಗೇಶಪ್ಪ ಮನೆಗೆ ಬಂದಿದ್ದರು. ಪ್ರಿಯದರ್ಶಿನಿ ಅವರ ಕೈಯಲ್ಲಿ ಹೊಸ ಬ್ಯಾಟರಿ ಕಳಿಸಿದ್ದಾಳೆ. "ಆ ಮಗು ಅತ್ತೇಬಿಡ್ತಪ್ಪಾ, ಅಣ್ಣಂದು ನಾನೇ ತಗೊಂಡಿದ್ದೆ ಅಂತ" ಎಂದರು. ಅವಳದೇನು ತಪ್ಪು? ಬ್ಯಾಟರಿಯನ್ನು ಟೀವಿ ಪಕ್ಕ ಇಟ್ಟೆ.

ಅವರು ಹೋದ ಮೇಲೆ ಜಯಶೀಲಾ ಮಿಷನ್ನಿನ ಸಣ್ಣ ಸ್ಕ್ರೂಡ್ರೈವರ್ ತಂದು, ಗಿಟಾರನ್ನು ಮಗುವಿನಂತೆ ಮಡಿಲಲ್ಲಿ ಬೋರಲು ಹಾಕಿಕೊಂಡು, ಬೆನ್ನು ಬಿಚ್ಚಿ ತಾನೇ ಬ್ಯಾಟರಿ ಕೂರಿಸಿದಳು.

"ಬಾರ್ಸಿ. ಆ ಕೊನೇ ಹಾಡಿಂದು."

ಮನೆಯ ಸಣ್ಣ ಸ್ಪೀಕರಿಗೆ ಸಿಗಿಸಿದೆ. ಅವಳು ನೆಲದ ಮೇಲೆ ಕೂತಳು. ಹಾಡುವವರಿಲ್ಲ, ಕೊಳಲಿಲ್ಲ. ಬರೀ ನನ್ನದು. ಹೋಗುವುದು, ಬರುವುದು. ಮೆತ್ತಗಾದ ಬೆರಳು ಉರಿಯಿತು, ಒಂದೆರಡು ಕಡೆ ತಂತಿ ಜಿರ್ ಎಂದಿತು. ಆದರೂ ಪಲ್ಲವಿಯಿಂದ ಕೊನೆಯ ತನಕ ನುಡಿಸಿದೆ. ಇಷ್ಟು ವರ್ಷದಲ್ಲಿ ಅವಳು ನನ್ನದನ್ನು ಮಾತ್ರ ಕೇಳಿದ್ದು ಇದೇ ಮೊದಲು. ಅವಳು ಮೊದಲು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ನಡುವೆ ಎಲ್ಲೋ ಆ ಕೈ ತೆಗೆದು ಸ್ಪೀಕರಿನ ಮೇಲೆ ಇಟ್ಟಳು.

ಮುಗಿದ ಮೇಲೆ ಸ್ಪೀಕರಿನಿಂದ ಕೈ ತೆಗೆದಳು.

"ಇಷ್ಟೇನಾ?"

ಕುಹಕವಿರಲಿಲ್ಲ. ಇನ್ನೂ ಇದೆಯೇನೋ ಎಂದು ಕೇಳಿದ ಹಾಗಿತ್ತು.

"ಇಷ್ಟೇ."

"ಗಣಪತಿಲಿ ಕೇಳಿದ್ದು ದೊಡ್ಡದಾಗಿತ್ತು" ಎಂದು ಎದ್ದು ಒಲೆಯ ಕಡೆ ಹೋದಳು.

ನವೆಂಬರ್ 26, ಬುಧವಾರ

ಬೆಳಿಗ್ಗೆ ರುದ್ರೇಶ್ ಫೋನ್ ಮಾಡಿದ. ಭಾನುವಾರ ಶಿವಮೊಗ್ಗದಲ್ಲಿ ಈ ವರ್ಷದ ಕೊನೆಯ ರಾಜ್ಯೋತ್ಸವವಂತೆ. ಬೇರೆ ಲ್ಯಾಪ್‌ಟಾಪು ತಂದಿದ್ದಾನಂತೆ, ಅದು ನಿಲ್ಲುವ ಮಾತೇ ಇಲ್ಲವಂತೆ. "ಸುಮ್ನೆ ಬಂದ್ ನಿಂತ್ಕೊಳ್ಳಿ ಅಣ್ಣ, ಸಾಕು." ಬರ್ತೀನಿ ಎಂದೆ.

ವೇಬ್ರಿಡ್ಜಿನಲ್ಲಿ ಲಾರಿಗಳ ಸಾಲು. ಎಲ್ಲ ಒಂದೇ ಗದ್ದಲ. ಕಿಟಕಿ ಮುಚ್ಚಿಕೊಂಡು ಸ್ಲಿಪ್ ಕೊಟ್ಟೆ.

ಸಂಜೆ ಮನೆಗೆ ಬಂದಾಗ ಜಯಶೀಲಾ ಮಿಷನ್ ತುಳಿಯುತ್ತ ಏನೋ ಗುನುಗುತ್ತಿದ್ದಳು. ಯಾವ ಹಾಡೂ ಅಲ್ಲ. ಎರಡೇ ಸ್ವರ, ಹೋಗುವುದು, ಬರುವುದು. ಧೂಳಿಗೆ ತಲೆ ನೋಯುತ್ತಿತ್ತು, ಬಾಗಿಲು ಮುಂದೆ ಮಾಡಿಕೊಂಡೆ.

ಗಿಟಾರಿನ ಬ್ಯಾಟರಿ ತೆಗೆದಿಟ್ಟಿದ್ದೇನೆ. ಕೆಲಸವಿಲ್ಲದೆ ಒಳಗೇ ಬಿಟ್ಟರೆ ಸೋರಿ ಹಾಳಾಗುತ್ತದೆ.